ದಿಲ್ಲಿಗೆ ಎರಡೂ ಮುಕ್ಕಾಲು ತಾಸು

ಪಾಳಾ, ತಾ. ಮುಂಡಗೋಡ
೧೨ ಆಗಸ್ಟ್ ೨೦೨೫

ನನ್ನ ಬಂಗಾರದಂಥ ಮಗಳು ತುಳಜಾಗೆ, ಅವ್ವನ ಮುದ್ದು.

ಮೈಯಲ್ಲಿ ಹೇಗಿದ್ದೀ? ಸೊಂಟದ ನೋವು ಇಳಿಯಿತೇ? ತಣ್ಣೀರಿಗೆ ಕೈ ಹಾಕಬೇಡ, ತಲೆಗೆ ಬಟ್ಟೆ ಕಟ್ಟಿಕೋ. ಹೊಟ್ಟೆಯ ಕೂಸನ್ನು ಕಳೆದುಕೊಂಡ ಮೈಯೂ ಬಾಣಂತಿಯ ಮೈಯೇ. ಅದನ್ನು ಆಸ್ಪತ್ರೆಯವರು ಹೇಳುವುದಿಲ್ಲ, ಅವ್ವನೇ ಹೇಳಬೇಕು. ಫೋನು ಮಾಡಿದರೆ ನೀನೂ ಅಳುತ್ತೀ, ನಾನೂ ಅಳುತ್ತೇನೆ, ಮಾತೇ ಆಗುವುದಿಲ್ಲ. ಅದಕ್ಕೇ ಈ ಕಾಗದ. ಅಳಿಯ ಮಾಲತೇಶ ಡ್ಯೂಟಿಯೆಂದು ಗಡಿಗೆ ಹೋದ ಮೇಲೆ ಆ ದಿಲ್ಲಿಯ ಕ್ವಾರ್ಟರ್ಸಿನಲ್ಲಿ ನೀನೊಬ್ಬಳೇ ಎಂದು ನೆನೆದರೆ ನನಗಿಲ್ಲಿ ತುತ್ತು ಇಳಿಯುವುದಿಲ್ಲ.

ನಿನ್ನ ಅಪ್ಪನ ಸುದ್ದಿ ಕೇಳು, ಸ್ವಲ್ಪ ನಗು. ನಾನು ದಿಲ್ಲಿಗೆ ಹೋಗಿಯೇ ಹೋಗುತ್ತೇನೆಂದು ಹಟ ಹಿಡಿದೆ. "ಮಗಳಿಗೊಂದು ಕೂಸು ಆಗೂತನಕ ಆಕಿ ಮನ್ಯಾಗ ಹೆತ್ತವರು ಹನಿ ನೀರೂ ಮುಟ್ಟಬಾರದು. ನಮ್ಮ ಮನೆತನದಾಗ ಯಾರೂ ಮುಟ್ಟಿಲ್ಲ" ಅಂದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು, ನಿನಗೆ ಗೊತ್ತಲ್ಲ. ಆದರೆ ಕರುಳು ಕೇಳಬೇಕಲ್ಲ! ಮರುದಿನ ಸುಮ್ಮನೆ ಮುಂಡಗೋಡಕ್ಕೆ ಹೋಗಿ ಟಿಕೆಟ್ ಮಾಡುವವರನ್ನು ವಿಚಾರಿಸಿಕೊಂಡು ಬಂದರು. ಹುಬ್ಬಳ್ಳಿಯಿಂದ ದಿಲ್ಲಿಗೆ ರಸ್ತೆಯಲ್ಲಾದರೆ ಸಾವಿರದ ಒಂಬೈನೂರು ಕಿಲೋಮೀಟರಿನಷ್ಟು, ರೈಲಿನಲ್ಲಿ ಎರಡು ರಾತ್ರಿ, ವಿಮಾನದಲ್ಲಿ ಮಾತ್ರ ಎರಡೂ ಮುಕ್ಕಾಲು ತಾಸಂತೆ. ಚಪ್ಪಲಿ ಬಿಡುವ ಮೊದಲೇ ಶುರು: "ಏ ಗೀತಾ, ನಿನ್ನ ತವರುಮನಿ ಕುಂಬಾರವಾಡಕ್ಕ ಹೋಗಾಕ ಇಡೀ ದಿನ ಬೇಕು. ದಿಲ್ಲಿ ಅದಕ್ಕಿಂತ ಹತ್ತರ ಐತಿ! ಹೋಗು, ಮಗಳ ಮಾರಿ ನೋಡು, ಹೊಳ್ಳಿ ವಿಮಾನ ಹತ್ತು. ರೊಟ್ಟಿ ಕಟ್ಟಿಕೊಂಡು ಹೋಗು. ವಿಮಾನದಾಗ ಕುಡಿದ ನೀರು ಯಾರ ಮನಿದೂ ಅಲ್ಲ."

ಅಯ್ಯೋ ಶಿವನೇ, ಇದೆಂಥ ಲೆಕ್ಕ! ಮೊದಲು ನಕ್ಕೆ, ಆಮೇಲೆ ಒಲೆಯ ಮುಂದೆ ಕೂತು ಅತ್ತೆ. ಮಗಳ ಮನೆಗೆ ಹೋಗಿ ಗಡಿಯಾರ ನೋಡುತ್ತ ಕೂಡಲೇನು? ನಿನ್ನ ತಲೆಗೆ ಎಣ್ಣೆ ಹಚ್ಚುವುದಕ್ಕೇ ಒಂದು ತಾಸು ಬೇಕು. ಆದರೂ ಅವರ ಮೇಲೆ ಸಿಟ್ಟಾಗಬೇಡ. ಹಿರಿಯರ ಕಟ್ಟುಪಾಡನ್ನೂ ಬಿಡಲಾರರು, ನಿನ್ನನ್ನೂ ಬಿಡಲಾರರು. ಇಪ್ಪತ್ತನೇ ತಾರೀಖಿಗೆ ಟಿಕೆಟ್ ಮಾಡಿಸಿದ್ದಾರೆ. ಬೆಳಿಗ್ಗೆ ಹುಬ್ಬಳ್ಳಿಯಿಂದ ಬರುವುದು, ಸಂಜೆ ಹುಬ್ಬಳ್ಳಿಗೆ ವಿಮಾನ ಇಲ್ಲವಂತೆ, ಅದಕ್ಕೆ ಅದೇ ಸಂಜೆ ಗೋವಾದ ವಿಮಾನ ಹಿಡಿದು ತಿರುಗುವುದು. ಅಷ್ಟಾದರೂ ಸಿಕ್ಕಿತಲ್ಲ ಎಂದು ಒಪ್ಪಿಕೊಂಡಿದ್ದೇನೆ.

ಅಳಿಯನಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ದೇವರು ನಿನ್ನ ಮೈಗೆ ಬಲ, ಮನಸ್ಸಿಗೆ ಧೈರ್ಯ ಕೊಡಲಿ, ನನ್ನ ತಾಯಿ.

ನಿನ್ನ ಅವ್ವ,
ಗೀತಾಬಾಯಿ

ತಾ.ಕ.: ಕಾಗದ ಮಡಚಿಟ್ಟಿದ್ದೆ, ಮನಸ್ಸು ತಡೆಯಲಿಲ್ಲ. ಅವರ ಎದುರಿಗೆ ಹೋಗಿ ಹೇಳಿಯೇಬಿಟ್ಟೆ: "ಕೂಸು ಆಗೂತನಕ ಅಂದ್ರಿ. ಐದು ತಿಂಗಳು ಆಕಿ ಹೊಟ್ಟ್ಯಾಗ ಇದ್ದದ್ದು ಮತ್ತೇನ್ರೀ? ಬಂದಿತ್ತು, ನಮ್ಮ ಕೈಗೆ ಸಿಗದ ಹೋತು. ನಾ ಅಜ್ಜಿ ಆಗೇನಿ. ನಾ ಆ ಮನ್ಯಾಗ ಉಣ್ಣಾಕಿನ." ಅವರು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತರು. ಒಳಗೆ ಬಂದು, "ಹಂಗಾದ್ರ ನಾನೂ ಅಜ್ಜ ಆಗಿದ್ದೆನಲ್ಲ" ಅಂದರು. ಇಬ್ಬರೂ ಬರುತ್ತಿದ್ದೇವೆ, ಮಗಳೇ. ತಿಂಗಳು ಇರುತ್ತೇವೆ. ನಿನ್ನ ಮನೆಯಲ್ಲೇ ಉಣ್ಣುತ್ತೇವೆ.