ಅಮ್ಮ ಒರೆಸಿದ ಗಾಜು

ಶುಕ್ರವಾರ, ಸಂಜೆ

ಮುನಿಸಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ಫೋನ್ ಎತ್ತುತ್ತಿಲ್ಲವಲ್ಲ, ಅದಕ್ಕೇ ಈ ಕಾಗದ. ಓದದೆ ಹರಿದು ಹಾಕಬೇಡ, ಗೆದ್ದ ಸುದ್ದಿ ಇದೆ.

ನನ್ನ ಕೆಲಸ ನಿನಗೆ ಗೊತ್ತು. ಚಹಾ ಕುದಿಯುವಷ್ಟೂ ಬಿಸಿಯಿಲ್ಲದ ದ್ರಾವಣದಲ್ಲಿ ಗಾಜಿನ ಪಟ್ಟಿಯನ್ನು ಓರೆಯಾಗಿ ನಿಲ್ಲಿಸಿದರೆ ಅದರ ಮೇಲೆ ತೆಳ್ಳಗೆ ಹಳದಿ ಪದರ ಕೂರುತ್ತದೆ. ಬಿಸಿಲಿನಿಂದ ಕರೆಂಟು ಮಾಡುವ ಕೋಶಕ್ಕೆ ಆ ಪದರ ಬೇಕು. ಕುಲುಮೆ, ದೊಡ್ಡ ಯಂತ್ರ ಯಾವುದೂ ಬೇಡ. ಆದರೆ ನನ್ನ ಪದರ ಮುಟ್ಟಿದರೆ ಉದುರುತ್ತಿತ್ತು. ಈ ತಿಂಗಳೊಳಗೆ ಅಂಟದಿದ್ದರೆ ಮೇಜು ಖಾಲಿ ಮಾಡು, ಯಂತ್ರದಲ್ಲಿ ಪದರ ಮಾಡುವವರಿಗೆ ಜಾಗ ಬೇಕು ಎಂದು ನಮ್ಮ ಗೈಡ್ ಹೇಳಿಬಿಟ್ಟಿದ್ದರು. ಅದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ.

ಅಂಥ ಹೊತ್ತಿನಲ್ಲಿ ನೀನು ಲ್ಯಾಬಿಗೆ ಬಂದೆ. ಕೈಗವಸು ಕೊಟ್ಟು ಸುಮ್ಮನೆ ಕೂರು ಎಂದು ನಾನು ನೀರು ತರಲು ಹೋದೆ. ಬರುವಷ್ಟರಲ್ಲಿ ನೀನು, "ಇಷ್ಟು ಧೂಳು ಇಟ್ಕೊಂಡು ಅದೇನು ಕೆಲಸ ಮಾಡ್ತೀಯೇ" ಅಂತ ಆಗಷ್ಟೇ ದ್ರಾವಣದಿಂದ ತೆಗೆದಿಟ್ಟಿದ್ದ ಪಟ್ಟಿಗಳನ್ನೆಲ್ಲ ಉಜ್ಜಿ ಸಾಲಾಗಿ ಜೋಡಿಸಿಟ್ಟಿದ್ದೆ. ನಾನು ಕೂಗಾಡಿದೆ. ನೀನು ಚೀಲ ಎತ್ತಿಕೊಂಡು ಹೊರಟೇ ಹೋದೆ.

ಈಗ ಕೇಳು. ಆ ಪಟ್ಟಿಗಳನ್ನು ಎಸೆಯಲು ಹೋದವಳು ಒಂದನ್ನು ಬೆಳಕಿಗೆ ಹಿಡಿದೆ. ದ್ರಾವಣದಲ್ಲಿ ಓರೆಯಾಗಿದ್ದಾಗ ಮೇಲ್ಮುಖವಾಗಿದ್ದ ಬದಿ ಬೋಳು, ಕೆಳಮುಖವಾಗಿದ್ದ ಬದಿಯಲ್ಲಿ ಹಳದಿ ಹಾಗೇ ಇದೆ. ಅಂಟುಪಟ್ಟಿ ಹಚ್ಚಿ ಕಿತ್ತರೂ ಜಗ್ಗಲಿಲ್ಲ. ದ್ರಾವಣದಲ್ಲಿ ಹುಟ್ಟುವ ಪುಡಿಯೆಲ್ಲ ಕೆಳಗಿಳಿಯುತ್ತ ಮೇಲಿನ ಬದಿಯಲ್ಲೇ ಕೂರುತ್ತದೆ. ಪುಡಿ ತಾಗದ ಕೆಳಬದಿಯಲ್ಲಿ ಪದರ ನಿಧಾನವಾಗಿ ಗಾಜಿಗೇ ಹತ್ತಿ ಬೆಳೆಯುತ್ತದೆ. ಇಷ್ಟು ದಿನ ನಿನ್ನ ಜಾಣ ಮಗಳು ಆ ಒಳ್ಳೆಯ ಬದಿಯನ್ನೇ ಹಿಂಬದಿಯೆಂದು ಆಮ್ಲ ಹಚ್ಚಿ ಒರೆಸಿ, ಪುಡಿಯ ಬದಿಯನ್ನು ಮಗುವಿನಂತೆ ಜೋಪಾನ ಮಾಡುತ್ತಿದ್ದಳು.

ಇವತ್ತು ಅದೇ ಪಟ್ಟಿಯಿಂದ ಕಟ್ಟಿದ ಕೋಶವನ್ನು ಕಿಟಕಿಯ ಬಿಸಿಲಿಗಿಟ್ಟೆವು. ಮೀಟರಿನ ಮುಳ್ಳು ಎದ್ದಿತು. ಗೈಡ್ ನಂಬದೆ ಕೈ ಅಡ್ಡ ಹಿಡಿದರು, ಬಿದ್ದಿತು. ಕೈ ತೆಗೆದರು, ಮತ್ತೆ ಎದ್ದಿತು. ಹಾಗೆ ಎಷ್ಟು ಸಲ ಆಡಿದರೋ. ಕೊನೆಗೆ, "ಮೇಜು ನಿಂದೇ ಕಣಮ್ಮ" ಎಂದರು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಅಮ್ಮ, ಅಷ್ಟು ಖುಷಿಯಾಗಿದೆ.

ಹಾಗಂತ ಬೀಗಬೇಡ. ಕೇಳದೆ ಮುಟ್ಟಿದ್ದು ತಪ್ಪೇ. ಆದರೂ ಬೇಗ ಬಾ, ಮುಳ್ಳು ಏಳುವುದನ್ನು ನೀನು ನೋಡಬೇಕು.

ನಿನ್ನಷ್ಟೇ ಹಟಮಾರಿಯಾದ
ನಿನ್ನ ಮಗಳು

ಮರೆತಿದ್ದೆ: ನೀನು ಹೋದ ದಿನ ಸಿಟ್ಟಿನಲ್ಲಿ ಮೇಜಿಗೆ 'ಯಾರೂ ಮುಟ್ಟಬಾರದು' ಎಂದು ಚೀಟಿ ಅಂಟಿಸಿದ್ದೆ. ಇವತ್ತು ಗೈಡ್ ಅದರ ಕೆಳಗೆ ತಮ್ಮ ಕೈಯಾರೆ ಬರೆದಿದ್ದಾರೆ: 'ಅಮ್ಮ ಒಬ್ಬರನ್ನು ಬಿಟ್ಟು.'