ಎದ್ದು ನಿಲ್ಲುವ ಸೇತುವೆ

ಏಪ್ರಿಲ್ 15, ಸೋಮವಾರ
ಅಂಗಡಿಗೆ ರಜೆ, ಮಧ್ಯಾಹ್ನ

ಅಕ್ಕಾ,

ನೀನು, ಭಾವ, ಮದುಮಗಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಪುರುಸೊತ್ತು ಸಿಗಲಿಲ್ಲ ಎಂದು ಬರೆಯಬಹುದಿತ್ತು, ಆದರೆ ನೀನು ನಂಬುವವಳಲ್ಲ. ಎರಡು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ಬೈಗುಳ ಜಾಸ್ತಿಯಾಯಿತು, ಎರಡನೆಯದರಲ್ಲಿ ಅಳು. ಫೋನ್ ಮಾಡಬಾರದಿತ್ತಾ ಅನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಕೇಳಿಸಿಕೊಳ್ಳುವವರೇ ಇರುವುದಿಲ್ಲ. ಅದೂ ಅಲ್ಲದೆ ಫೋನಿನ ಸಹವಾಸ ನನಗೆ ಸಾಕಾಗಿದೆ.

ನಿನ್ನ ಪತ್ರದಲ್ಲಿ ಕೇಳಿದ್ದೀಯ, "ನಿನಗೇನು ತಲೆ ಕೆಟ್ಟಿದೆಯಾ? ಆ ಹುಡುಗೀನ ಕಟ್ಟಿಕೊಂಡು ಪರದೇಶಕ್ಕೆ ಹೋಗ್ತೀನಿ ಅಂತೀಯಲ್ಲ, ಅದೂ ನನ್ನ ಮಗಳ ಮದುವೆ ಇರೋ ವಾರಾನೇ ಯಾಕೆ?" ತಲೆ ಸರಿಯಾಗಿಯೇ ಇದೆ. ಟಿಕೆಟ್ ಆಗಿದೆ, ವೀಸಾ ಬಂದಿದೆ, ಮುಂದಿನ ತಿಂಗಳು ನಾನೂ ಕುಳ್ಳಿಯೂ, ತಾಯಿ ಮಗಳಿಬ್ಬರೇ ಹೊರಡುತ್ತಿದ್ದೇವೆ. ಅದೇ ವಾರ ಯಾಕೆ ಅನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ತಾಳ್ಮೆಯಿಂದ ಓದು.

ನೀನು ಕುಳ್ಳಿಯನ್ನು ನೋಡಿ ಎರಡು ವರ್ಷವಾಯಿತಲ್ಲ. ಹದಿನಾರಕ್ಕೇ ನನಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾಳೆ. ಭಾವ ಇಟ್ಟ ಅಡ್ಡಹೆಸರು ಮಾತ್ರ ಹಾಗೇ ಅಂಟಿಕೊಂಡಿದೆ. ನಾನು ಕುಳ್ಳೀ ಎಂದು ಕರೆದರೆ ಹೊಸ ಗಿರಾಕಿಗಳು ಕುರ್ಚಿಯ ಕೆಳಗೆ ಹುಡುಕುತ್ತಾರೆ. ಉಳಿದದ್ದೆಲ್ಲ ನಿನಗೆ ಗೊತ್ತಿರುವುದೇ. ಜೋರು ಸದ್ದು ಅವಳಿಗೆ ಆಗುವುದಿಲ್ಲ, ಗುರುತಿಲ್ಲದವರು ಮೈ ಮುಟ್ಟಿದರೆ ಕಿರುಚುತ್ತಾಳೆ, ಅನ್ನಿಸಿದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾಳೆ. ಡಾಕ್ಟರ್ ಇದಕ್ಕೆಲ್ಲ ಸೇರಿಸಿ ಒಂದು ಉದ್ದನೆಯ ಹೆಸರು ಕೊಟ್ಟಿದ್ದಾರೆ. ಕೊನೆಯದಕ್ಕೆ ಮಾತ್ರ ನಾನು ಮನೆತನದ ಗುಣ ಅನ್ನುತ್ತೇನೆ.

ಆ ಊರೇ ಯಾಕೆ ಅಂದರೆ, ಅಲ್ಲೊಂದು ಸೇತುವೆ ಇದೆ. ದೊಡ್ಡ ಹಡಗು ಬಂದಾಗ ನಡುವೆ ಎರಡು ಹೋಳಾಗಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಅದರ ವಿಡಿಯೋವನ್ನು ಇವಳು ಊಟ ತಿಂಡಿ ಬಿಟ್ಟು ನೋಡುತ್ತಾಳೆ. ಅವಳು ನೋಡುವುದು ಸೇತುವೆಯನ್ನು ಎಂದು ನಾನೂ ಬಹಳ ದಿನ ತಿಳಿದಿದ್ದೆ. ಅಲ್ಲ. ಅವಳು ನೋಡುವುದು ಈಚೆ ದಡದಲ್ಲಿ ನಿಂತವರನ್ನು. ಬಸ್ಸು, ಮಿರಿಮಿರಿ ಮಿಂಚುವ ಕಾರು, ಸೂಟು ಹಾಕಿದವರು, ಎಲ್ಲರೂ ತೆಪ್ಪಗೆ ನಿಂತಿರುತ್ತಾರೆ. "ನೋಡಮ್ಮ, ಎಲ್ಲರೂ ಕಾಯ್ತಾರೆ. ಒಬ್ಬರೂ ಬೈಯಲ್ಲ," ಅನ್ನುತ್ತಾಳೆ. ಬಸ್ ಹತ್ತಲು ಹೊತ್ತು ಮಾಡುತ್ತಾಳೆ, ಉತ್ತರ ಕೊಡಲು ಹೊತ್ತು ಮಾಡುತ್ತಾಳೆ ಎಂದು ಎಲ್ಲ ಕಡೆ ಬೈಸಿಕೊಂಡ ಮಗು, ಅದಕ್ಕೆ ಆ ನೋಟ ಎಷ್ಟು ನೋಡಿದರೂ ಸಾಲದು.

ಟ್ರಾವೆಲ್ ಆಫೀಸಿಗೆ ಅವಳನ್ನೇ ಕರೆದುಕೊಂಡು ಹೋದೆ. ಟೈ ಕಟ್ಟಿದ ಹುಡುಗ ಅವಳನ್ನೊಮ್ಮೆ ನೋಡಿ, ನನ್ನ ಕಡೆ ಬಗ್ಗಿ, "ಇವರು ವಿಮಾನದಲ್ಲಿ ಗಲಾಟೆ ಮಾಡಲ್ಲ ತಾನೇ ಮೇಡಂ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಕುಳ್ಳಿ, "ನೀವು ಮಾಡ್ತೀರಾ?" ಎಂದು ಕೇಳಿದಳು. ಜಗಳಕ್ಕಲ್ಲ, ತಿಳಿದುಕೊಳ್ಳಲು ಕೇಳಿದ್ದು. ಪಾಪ, ಅವನು "ಇಲ್ಲಮ್ಮ" ಎಂದ. ಆಮೇಲೆ ಗುಂಪಿನ ಜೊತೆ ಹೋಗಿ, ಬಸ್ಸಿನಲ್ಲಿ ಎಲ್ಲ ತೋರಿಸುತ್ತಾರೆ, ಸೇತುವೆಯ ಹತ್ತಿರ ಫೋಟೋಗೆ ಹತ್ತು ನಿಮಿಷ ನಿಲ್ಲಿಸುತ್ತಾರೆ ಎಂದು ಬಣ್ಣಬಣ್ಣದ ಹಾಳೆ ಬಿಚ್ಚಿದ. "ಹಡಗು ಬರೋಕೆ ಮುಂಚೆನೇ ಬಸ್ ಹೊರಟರೆ?" ಅಂದಳು ಇವಳು. ಅವನು ಹಾಳೆಯನ್ನು ಮಡಚಿಟ್ಟ. ಹಾಗಾಗಿ ಗುಂಪು ಬೇಡ, ನಾವಿಬ್ಬರೇ ಸಾಕು ಎಂದು ತೀರ್ಮಾನವಾಯಿತು. ಸೇತುವೆ ಕಾಣುವಂಥ ಒಂದು ಪುಟ್ಟ ರೂಮು ಹಿಡಿದಿದ್ದೇನೆ. ಅರಮನೆ, ಮ್ಯೂಸಿಯಂ ಯಾವುದೂ ನಮಗೆ ಬೇಕಿಲ್ಲ. ಹಡಗು ಬರುವವರೆಗೆ ಕಿಟಕಿಯಲ್ಲಿ ಕೂರುವುದು, ಅಷ್ಟೇ ನಮ್ಮ ಪ್ಲಾನು.

ವಿಮಾನದಲ್ಲಿ ಅವಳನ್ನು ಹೇಗೆ ಕೂರಿಸುತ್ತೀಯ ಎಂದು ಕೇಳಿದ್ದೀಯ. ಅಂಗಡಿಯಲ್ಲಿ ಕೂರಿಸಿ ಕಲಿಸುತ್ತಿದ್ದೇನೆ. ಸಂಜೆ ಬಾಗಿಲು ಹಾಕಿದ ಮೇಲೆ ಮೂರು ಕುರ್ಚಿಗಳನ್ನೂ ಸಾಲಾಗಿ ಎಳೆದು, ಕೂದಲು ಒಣಗಿಸುವ ಡ್ರೈಯರುಗಳನ್ನು ಒಂದೊಂದಾಗಿ ಹಾಕುತ್ತೇವೆ. ಮೊದಮೊದಲು ಒಂದು ಹಾಕಿದರೇ ಕಿವಿ ಮುಚ್ಚಿಕೊಂಡು ಹಿಂದಿನ ಕೋಣೆಗೆ ಓಡುತ್ತಿದ್ದಳು. ಈಗ ಮೂರೂ ಭೋರೆಂದರೂ ಬೆಲ್ಟು ಕಟ್ಟಿಕೊಂಡು ಕೂತಿರುತ್ತಾಳೆ. ಬೆಲ್ಟು ನನ್ನದೇ ಹಳೆಯ ಏಪ್ರನ್ನಿನ ದಾರ. ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಬರುವ ರಿಟೈರ್ಡ್ ಟೀಚರ್ ಒಬ್ಬರಿದ್ದಾರೆ, ನಮ್ಮ ಈ ಆಟದಲ್ಲಿ ಅವರೇ ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ. ತಲೆ ತುಂಬ ಬಣ್ಣ ಮೆತ್ತಿಕೊಂಡು, ಕನ್ನಡಕ ಏರಿಸಿ, "ಯಾಕೆ ಬಂದಿದ್ದೀರಿ?" ಎಂದು ಗದರುತ್ತಾರೆ. "ಸೇತುವೆ ನೋಡೋಕೆ." "ಎಷ್ಟು ದಿನ ಇರ್ತೀರಿ?" "ಹಡಗು ಬರೋವರೆಗೆ." ಆಮೇಲೆ ಪ್ರತಿ ಸಲವೂ ಎದ್ದು ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ನೀನು ತುಂಬಾ ಚೆನ್ನಾಗಿ ಕಾಣ್ತಿದ್ದೀಯ. ಇಬ್ಬರೂ ಸುಖವಾಗಿರಿ," ಎಂದು ಅಧಿಕಾರಿಗೆ ಹೇಳಿ ಕೂರುತ್ತಾಳೆ. ಟೀಚರ್ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಇಬ್ಬರೂ ಅಂದ್ರೆ ಯಾರಮ್ಮ? ಇದನ್ನ ಯಾರು ಹೇಳಿಕೊಟ್ಟರು ಇವಳಿಗೆ?" ಎಂದು ಕೇಳಿದರು. ನಾನು ಮಾತು ಮರೆಸಿದೆ.

ಎಲ್ಲ ಸಲೀಸಾಗಿ ನಡೆದಿದೆ ಎಂದು ನಿನ್ನ ಹತ್ತಿರ ಜಂಭ ಕೊಚ್ಚುವುದಿಲ್ಲ. ಹೋದ ವಾರ ಜನಸಂದಣಿಯೂ ಅಭ್ಯಾಸವಾಗಲಿ ಎಂದು ಆಫೀಸು ಬಿಡುವ ಹೊತ್ತಿಗೆ ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಯಾರದೋ ಬ್ಯಾಗು ಅವಳ ಬೆನ್ನಿಗೆ ತಾಗಿತು. ಮೆಟ್ಟಿಲ ಬುಡದಲ್ಲೇ ಕುಸಿದು ಕೂತು ಕಿರುಚತೊಡಗಿದಳು. ಸುತ್ತ ಜನ ಸೇರಿದರು, ಇಬ್ಬರು ಮೊಬೈಲ್ ಎತ್ತಿ ಹಿಡಿದರು. ನಾನು ಕೊಡೆ ಬಿಚ್ಚಿ ಅವಳ ಮುಂದೆ ಅಡ್ಡ ಹಿಡಿದು, ನೆಲದ ಮೇಲೆ ಅವಳ ಪಕ್ಕವೇ ಕೂತೆ. ಒಬ್ಬ ಹೆಂಗಸು, "ಇಂಥವರನ್ನ ಮನೇಲಿ ಇಟ್ಟುಕೊಳ್ಳೋದು ಬಿಟ್ಟು ಹೊರಗೆ ಯಾಕೆ ತರ್ತೀರಿ?" ಎಂದಳು. ನಾನು ಕೂತಲ್ಲಿಂದಲೇ ಅವಳ ತಲೆ ನೋಡಿ, "ನಿಮ್ಮ ಕೂದಲು ಯಾರಮ್ಮ ಕತ್ತರಿಸಿದ್ದು? ಎಡಗಡೆ ಪೂರ್ತಿ ಸೊಟ್ಟ ಇದೆ," ಎಂದೆ. ಆ ಹೆಂಗಸಿನ ಕೈ ತಲೆಗೆ ಹೋಯಿತು, ಆಸಾಮಿ ಅಲ್ಲಿಂದ ಮಾಯ. ಸುಳ್ಳೇನೂ ಹೇಳಲಿಲ್ಲ, ನಿಜವಾಗಿಯೂ ಸೊಟ್ಟ ಇತ್ತು.

ಒಂದಷ್ಟು ಹೊತ್ತಿನ ಮೇಲೆ ಕೊಡೆಯ ಒಳಗಿಂದ, "ನಾಳೆ ಮತ್ತೆ ಮಾಡೋಣ," ಎಂದು ದನಿ ಬಂತು. ಮಾರನೆಯ ದಿನ ಹೋದೆವು. ಮೆಟ್ಟಿಲು ಹತ್ತಿ ಪ್ಲಾಟ್‌ಫಾರಂ ತನಕ ಬಂದಳು. ಈಗ ಕೊಡೆಯೂ ನಮ್ಮ ಜೊತೆ ವಿಮಾನ ಹತ್ತುತ್ತದೆ. ನಿನಗೆ ಹೆದರಿಕೆ ಇದೆ, ನನಗೂ ಇದೆ, ಇಲ್ಲ ಅಂದವರು ಯಾರು? ಹೆದರಿಕೆ ಇದೆ ಎಂದು ಮನೆಯಲ್ಲಿ ಕೂತರೆ ಅವಳಿಗೆ ಹದಿನಾರು ಹೋಗಿ ಮೂವತ್ತಾರು ಆಗುತ್ತದೆ, ಅಷ್ಟೇ.

ದುಡ್ಡು ದಂಡ ಎಂದು ಭಾವ ಅಂದರಂತೆ. ನಾನು ಯಾರ ಮುಂದೆಯೂ ಕೈ ಚಾಚಿಲ್ಲ ಎಂದು ಅವರಿಗೆ ಹೇಳು. ಅಂಗಡಿಗೆ ಎಸಿ ಹಾಕಿಸಬೇಕು ಅಂದುಕೊಂಡಿದ್ದೆ, ಗಿರಾಕಿಗಳು ಇನ್ನೊಂದು ಬೇಸಿಗೆ ಬೆವರಲಿ. ಅವಳ ಅಪ್ಪನ ಒಪ್ಪಿಗೆ ಬೇಕಲ್ಲ ಅಂದೆಯಲ್ಲ, ಅದೂ ಆಯಿತು. ಹೊಸ ಸಂಸಾರದ ಗದ್ದಲದ ನಡುವೆ ಒಂದು ಸಹಿ ಹಾಕಿ ಕಳಿಸಿದ್ದಾನೆ. ಇಷ್ಟು ವರ್ಷದಲ್ಲಿ ಅವನು ಮಾಡಿದ ಒಂದೇ ಒಳ್ಳೆಯ ಕೆಲಸ, ಅಡ್ಡ ಬರದೇ ಇದ್ದದ್ದು. ನೆಂಟರಿಷ್ಟರು ಏನಂತಾರೋ ಎಂದು ನೀನು ಕೊರಗಬೇಡ. ಸ್ವಂತ ಅಕ್ಕನ ಮಗಳ ಮದುವೆ ಬಿಟ್ಟು ಊರು ಸುತ್ತಲು ಹೋದಳು ಅನ್ನುತ್ತಾರೆ, ಅನ್ನಲಿ. ಕೈಯಲ್ಲಿ ಕತ್ತರಿ ಇರುವವಳ ಎದುರಿಗೆ ಬಂದು ಹೇಳುವಷ್ಟು ಧೈರ್ಯ ಅವರಲ್ಲಿ ಒಬ್ಬರಿಗೂ ಇಲ್ಲ.

ಮದುಮಗಳ ತಲೆ ಅಲಂಕಾರ ನಾನೇ ಮಾಡುತ್ತೇನೆ ಎಂದು ಅವಳು ತೊಟ್ಟಿಲಲ್ಲಿದ್ದಾಗಿನಿಂದ ಹೇಳುತ್ತಿದ್ದೆ. ಆ ಮಾತು ನಡೆಯಲಿಲ್ಲ. ಯಾರನ್ನು ಕರೆಸಿದರೂ ಒಂದು ಮಾತು ಹೇಳು. ಅವಳ ಬಲಗಿವಿಯ ಹಿಂದೆ ಒಂದು ಸುಳಿ ಇದೆ, ಅಲ್ಲಿ ಪಿನ್ ನಿಲ್ಲುವುದಿಲ್ಲ, ಬಿಗಿಯಾಗಿ ಎಳೆದರೆ ತಲೆನೋವು ಬರುತ್ತದೆ. ಮೊದಲು ಎಡಗಡೆಯಿಂದ ಶುರುಮಾಡಿ ಬಲಕ್ಕೆ ತರಬೇಕು. ಸ್ಪ್ರೇ ಸುರಿಯಲು ಬಿಡಬೇಡ. ಅವಳ ಮೇಲೆ ನನಗೆ ಎಳ್ಳಷ್ಟೂ ಮುನಿಸಿಲ್ಲ. ನಗುನಗುತ್ತಾ ಬಾಳಲಿ, ಕಟ್ಟಿಕೊಂಡವನು ಅವಳ ಮಾತಿಗೆ ಕಿವಿ ಕೊಡುವವನಾಗಿರಲಿ. ಚಿಕ್ಕಮ್ಮ ಮನಸಾರೆ ಹರಸಿದ್ದಾಳೆ ಎಂದು ಅವಳೊಬ್ಬಳಿಗೇ ಹೇಳು. ಭಾವನಿಗೆ ಬಿಪಿ ಮಾತ್ರೆ ಮರೆಯದೆ ಕೊಡು, ಮದುವೆ ಓಡಾಟದಲ್ಲಿ ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಹಠಮಾರಿ

ತಾ.ಕ.: ಅದೇ ವಾರ ಯಾಕೆ ಅಂದೆಯಲ್ಲ. ಅಂಗಡಿಯ ಕುರ್ಚಿಗಳನ್ನು ನಾವು ಸಾಲಾಗಿ ಹಾಕಿದ್ದು ಮೊದಲು ವಿಮಾನಕ್ಕಲ್ಲ, ನಿನ್ನ ಮಗಳ ಮದುವೆಯ ಛತ್ರಕ್ಕೆ. ಡ್ರೈಯರುಗಳು ಅಲ್ಲಿಯ ಮೈಕು, ಹಾಡು, ಜನ. ಮದುವೆ ನಿಶ್ಚಯವಾಯಿತು ಎಂದು ತಿಳಿದ ದಿನದಿಂದ ಕುಳ್ಳಿ ದಿನಾ ಸಂಜೆ ಅಲ್ಲಿ ಕೂತು ಕಲಿತಳು. ನಾನು ಮದುಮಗಳಾಗಿ ನಿಲ್ಲುತ್ತಿದ್ದೆ. ಮದುಮಗಳ ಸೀರೆ, ಒಡವೆ ಮುಟ್ಟಿಬಿಡುತ್ತೇನೇನೋ ಎಂದು ಅವಳೇ ಯೋಚಿಸಿ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದಳು.

ಆ ದಿನ ನೀನು ಫೋನ್ ಮಾಡಿದಾಗ ನಾನು ಗಿರಾಕಿಯ ತಲೆಗೆ ಬಣ್ಣ ಹಚ್ಚುತ್ತಿದ್ದೆ, ಎರಡೂ ಕೈ ಬಣ್ಣ. ನೀನು ಅಂದೆ, "ನೀನು ಬಾ ಕಣೇ, ಅವಳನ್ನ ಮಾತ್ರ ಎರಡು ದಿನ ಎಲ್ಲಾದರೂ ಬಿಟ್ಟು ಬಾ. ಅಂಥದ್ದೊಂದು ನಮ್ಮ ಮನೇಲಿದೆ ಅಂತ ಗಂಡಿನ ಕಡೆಯವರಿಗೆ ನಾವಿನ್ನೂ ಹೇಳಿಲ್ಲ." ಸ್ಪೀಕರ್ ಹಾಕಿ ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದುಕೊಂಡಿದ್ದವಳು ಕುಳ್ಳಿಯೇ, ಅಕ್ಕಾ. ನೀನು ಮಾತು ಮುಗಿಸುವವರೆಗೂ ಕೈ ಅಲ್ಲಾಡಿಸದೆ ಹಿಡಿದಿದ್ದಳು. ಆಮೇಲೆ ಹೋಗಿ ಮೂರು ಕುರ್ಚಿಗಳನ್ನೂ ಅವುಗಳ ಜಾಗಕ್ಕೆ ಎಳೆದಿಟ್ಟು ಬಂದು, "ಕಲಿತಿದ್ದೆಲ್ಲ ವೇಸ್ಟಾಯ್ತಾ ಅಮ್ಮ?" ಎಂದು ಕೇಳಿದಳು. "ಇಲ್ಲ, ನಿನ್ನ ಸೇತುವೆ ನೋಡೋಕೆ ಹೋಗೋಣ," ಎಂದೆ. ಯಾವಾಗ ಎಂದು ಕೇಳಿದಳು. ಮದುವೆಯ ವಾರವೇ ನನ್ನ ಬಾಯಿಗೆ ಬಂತು.

ಎಲ್ಲವನ್ನೂ ವಿಮಾನಕ್ಕೆ ಬದಲಾಯಿಸಿಕೊಂಡಳು, "ಇಬ್ಬರೂ ಸುಖವಾಗಿರಿ" ಅನ್ನುವ ಆ ಒಂದು ಮಾತನ್ನು ಬಿಟ್ಟು. ನಿನ್ನ ಮಗಳಿಗೆಂದು ಕಲಿತದ್ದನ್ನು ಅಲ್ಲಿಯ ಅಧಿಕಾರಿಗೆ ಹೇಳುತ್ತಾಳೆ. ಹೇಳಲಿ. ನಾನು ತಿದ್ದುವುದಿಲ್ಲ.