ಐದು ಸಲ ಗುಣವಾದ ಕಾಲು

ಗುಣಮುಖ ಮುದ್ರೆಯ ಒಡೆಯರಾದ ಮಾನ್ಯ ಆಸ್ಪತ್ರೆ ಮೇಲ್ವಿಚಾರಕರೇ,

ತಮ್ಮ ಕಡತಗಳ ಪ್ರಕಾರ ನನ್ನ ತಂಗಿ ಒಂದೂವರೆ ವರ್ಷದಲ್ಲಿ ಐದು ಸಲ ಗುಣಮುಖಳಾಗಿದ್ದಾಳೆ. ಇಷ್ಟೊಂದು ಗುಣವಾದವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಬರುವ ಗುರುವಾರ ಅದೇ ಕಾಲನ್ನು ತಮ್ಮಲ್ಲೇ ಮೊಣಕಾಲಿನ ಕೆಳಗೆ ಕತ್ತರಿಸುತ್ತಾರೆ.

ಅವಳು ಬಟ್ಟೆ ಹೊಲಿಯುವವಳು. ಯಂತ್ರ ತುಳಿಯುವ ಕಾಲಿನ ಮೂಳೆಗೆ ಸೋಂಕು ತಗುಲಿತು. ಹದಿನಾಲ್ಕು ದಿನ ಆ್ಯಂಟಿಬಯೋಟಿಕ್ ಕೊಟ್ಟಿರಿ, ಕೀವು ನಿಂತಿತು, ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಕಡತಕ್ಕೆ ಗುಣಮುಖ ಎಂದು ಮುದ್ರೆ ಬಿತ್ತು. ಎರಡು ತಿಂಗಳಿಗೆ ಮತ್ತೆ ಕೀವು. ಹಳೆಯ ಕಡತ ತೋರಿಸಿದರೆ ಕಿಟಕಿಯ ಗುಮಾಸ್ತರು, ಗುಣವಾದ ಕಡತ ತೆರೆಯುವ ನಿಯಮವಿಲ್ಲ, ಹೊಸ ಚೀಟಿ ಮಾಡಿಸಿ ಎಂದರು. ಹೊಸ ಚೀಟಿ ಎಂದರೆ ಹೊಸ ರೋಗ. ಹೊಸ ರೋಗಕ್ಕೆ ಮತ್ತದೇ ಹದಿನಾಲ್ಕು ದಿನ. ಹೀಗೆ ಐದು ಸಲ.

ಕೊನೆಗೊಬ್ಬ ಕಿರಿಯ ಡಾಕ್ಟರಮ್ಮ ಐದೂ ಚೀಟಿಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಹರಡಿ ನೋಡಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇದು ಐದು ರೋಗವಲ್ಲ, ಒಂದೇ ಎಂದರು. ಬ್ಯಾಕ್ಟೀರಿಯಾ ಮೂಳೆಯ ಜೀವಕೋಶಗಳ ಒಳಗೇ ಹೊಕ್ಕು ಕೂರುತ್ತವಂತೆ. ಕೊಟ್ಟ ಔಷಧಿ ಅಲ್ಲಿಗೆ ಸಾಕಷ್ಟು ಇಳಿಯುವುದಿಲ್ಲ. ಇಳಿದರೂ ಅವು ಬೆಳೆಯುವುದನ್ನೇ ಬಿಟ್ಟು ಮಲಗಿಬಿಡುತ್ತವೆ. ಬೆಳೆಯುವವನ್ನು ಕೊಲ್ಲುವ ಔಷಧಿ ಮಲಗಿದವನ್ನು ಮುಟ್ಟದು. ಔಷಧಿ ನಿಂತಾಗ ಎದ್ದು ಹೊರಬರುತ್ತವೆ. ಕೊಳೆತ ಮೂಳೆಯನ್ನು ಕೆರೆದು, ಜೀವಕೋಶದೊಳಗೆ ಇಳಿಯುವ ಇನ್ನೊಂದು ಔಷಧಿ ಸೇರಿಸಿ ತಿಂಗಳುಗಟ್ಟಲೆ ಕೊಡಬೇಕಿತ್ತಂತೆ. ಈಗ ಮೂಳೆ ಉಳಿಸಲಾಗದಷ್ಟು ಕೊಳೆತಿದೆಯಂತೆ.

"ಮತ್ತೆ ಬಂದಿದ್ದು ಅಂತ ಕಡತದಲ್ಲಿ ಇದ್ದಿದ್ರೆ ಎರಡನೇ ಸಲಾನೇ ಮಾಡ್ತಿದ್ವಿ," ಎಂದರು ತಲೆ ತಗ್ಗಿಸಿ.

ಸ್ವಾಮಿ, ನಾನು ಗೆದ್ದಲಿಗೆ ಮದ್ದು ಹಾಕುವವನು, ಓದಿದ್ದು ಏಳನೇ ತರಗತಿ. ಬಾಗಿಲ ಚೌಕಟ್ಟಿಗೆ ಮೇಲೆ ಮದ್ದು ಬಳಿದು, ಹುಳ ಕಾಣಿಸುತ್ತಿಲ್ಲ, ಮುಗಿಯಿತು ಎಂದು ಹೊರಟರೆ ಮನೆಯವರು ಮುಖಕ್ಕೆ ಉಗಿಯುತ್ತಾರೆ. ಮರ ಕೊರೆದು ಮದ್ದನ್ನು ಒಳಗೆ ಬಿಡುತ್ತೇವೆ. ಮತ್ತೆ ಬಂತೆಂದರೆ ಆ ಮನೆಯ ಕೆಲಸ ಬರೆದಿಟ್ಟ ಅದೇ ಹಳೆಯ ಕಾರ್ಡು ಹಿಡಿದು ಹೋಗುತ್ತೇವೆ. ಕಟ್ಟಿಗೆಗೆ ಇರುವ ಮರ್ಯಾದೆ ಮನುಷ್ಯರ ಮೂಳೆಗೆ ಬೇಡವೇ?

ಕಾಲು ಹೋದಂತೆಯೇ, ಅದನ್ನು ಕೇಳುತ್ತಿಲ್ಲ. ತಾವು ಬದಲಾಗುತ್ತೀರೆಂಬ ನಂಬಿಕೆಯೂ ಇಲ್ಲ. ಆದರೂ ಬಾಯಿಬಿಟ್ಟು ಕೇಳುತ್ತೇನೆ: ಮರಳಿ ಬಂದವರ ಹಳೆಯ ಕಡತ ತೆರೆಯಲು ಆಜ್ಞೆ ಹೊರಡಿಸಿ. ನಿನ್ನೆ ಶಸ್ತ್ರಚಿಕಿತ್ಸೆಗೆಂದು ಆರನೇ ಹೊಸ ಚೀಟಿ ಕೊಟ್ಟರು. ತಂಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು:

"ಅಣ್ಣ, ಗುರುವಾರ ಆದ್ಮೇಲೂ ಗುಣಮುಖ ಅಂತಾನೇ ಬರೀತಾರಾ?"

ಉತ್ತರವನ್ನು ತಾವೇ ಬಂದು ಅವಳಿಗೆ ಹೇಳಿ, ಬುಧವಾರದೊಳಗೆ.

ಇಂತಿ,
ತಮ್ಮ ಮುದ್ರೆಯನ್ನು ಐದು ಸಲ ನಂಬಿದ ದಡ್ಡ,
ಅವಳ ಅಣ್ಣ